ಹಳೇ ಸೇತುವೆ ಮೇಲೆ ಗಾಳ ಹಾಕಿದ್ದು

ಅಮೆರಿಕದ ದಕ್ಷಿಣ ತುದಿಯ ದ್ವೀಪಸಾಲು ಫ್ಲೋರಿಡಾ ಕೀಸ್‌ಗೆ ಮೀನು ಹಿಡಿಯಲು ಹೋಗಿದ್ದೆ ಅಂದರೆ ಸಾಕು, "ಬೋಟಿಗೆ ಎಷ್ಟಾಯ್ತು?" ಎಂದೇ ಎಲ್ಲರೂ ಕೇಳುತ್ತಾರೆ. ಮೊದಲ ಸಲ ನಾನೂ ಬೋಟಿಗೆ ದುಡ್ಡು ಕೊಟ್ಟಿದ್ದೆ. ಮೂವತ್ತು ಜನರ ಜೊತೆ ಹತ್ತಿ, ಅರ್ಧ ದಿನ ವಾಂತಿ ಮಾಡಿಕೊಂಡು ಬಂದೆ. ಕುಂದಾಪುರದ ಹೊಳೆಬದಿಯಲ್ಲಿ ಗಾಳ ಹಾಕಿ ಬೆಳೆದವನು ನಾನು! ಈ ಕಥೆ ಊರಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ.

ಆಮೇಲಿಂದ ನನ್ನದು ಸೇತುವೆ ಮೇಲಿನ ಗಾಳ. ನಾನಿರುವ ಫೋರ್ಟ್ ಲಾಡರ್‌ಡೇಲ್‌ನಿಂದ ಬೆಳಗಿನ ಜಾವ ಹೊರಟರೆ ಎರಡು ಗಂಟೆ ಚಿಲ್ಲರೆಯಲ್ಲಿ ಕೀಸ್‌ನ ಇಸ್ಲಾಮೊರಾಡಾ. ಬರೆಯುವುದು ಹಾಗೆ, ಅಲ್ಲಿಯವರು ಕರೆಯುವುದು 'ಐಲಮೊರಾಡಾ'. ದ್ವೀಪದಿಂದ ದ್ವೀಪಕ್ಕೆ ಒಂದೇ ರಸ್ತೆ, ಕೊನೆಗೆ ಕೀ ವೆಸ್ಟ್. ಅಲ್ಲಿಂದಲೇ ಮೈಲಿಗಲ್ಲು ಸೊನ್ನೆಯಿಂದ ಶುರು. ಅಂಗಡಿಯ ವಿಳಾಸ ಕೇಳಿದರೂ ಮೈಲಿ ನಂಬರೇ ಹೇಳುತ್ತಾರೆ.

1912ರಲ್ಲಿ ಹೆನ್ರಿ ಫ್ಲ್ಯಾಗ್ಲರ್ ಎಂಬ ಉದ್ಯಮಿ ಇಲ್ಲಿ ಸಮುದ್ರದ ಮೇಲೆ ಕೀ ವೆಸ್ಟ್‌ವರೆಗೆ ರೈಲು ಓಡಿಸಿದ್ದ. 1935ರ ಚಂಡಮಾರುತದಲ್ಲಿ ಹಳಿ ಕೊಚ್ಚಿಹೋಯಿತು, ಸೇತುವೆಗಳು ಉಳಿದವು. ಅವುಗಳ ಮೇಲೇ 1938ರಲ್ಲಿ ರಸ್ತೆ ಬಂತು. ಮುಂದೆ ಪಕ್ಕದಲ್ಲಿ ಅಗಲವಾದ ಹೊಸ ಸೇತುವೆ ಕಟ್ಟಿದರು. ಹಳೆಯವುಗಳಲ್ಲಿ ಕೆಲವು ಈಗ ನಡೆಯುವವರಿಗೆ, ನಮ್ಮಂಥ ಗಾಳದವರಿಗೆ. ಫ್ಲೋರಿಡಾ ನಿವಾಸಿಗೆ ದಡದಿಂದ ಹಿಡಿಯುವ ಲೈಸೆನ್ಸ್ ಪುಕ್ಕಟೆ. ಹೊರಗಿನವರಿಗೆ ಮೂರು ದಿನಕ್ಕೆ 17 ಡಾಲರ್. ಬೋಟಿನ ಖರ್ಚಿನ ಮುಂದೆ ಅದೇನೂ ಅಲ್ಲ.

ಆದರೆ ಮೊದಲ ದಿನ ಸೇತುವೆ ಮೇಲೂ ಸೋತೆ. ಸಿಗಡಿ ಸಿಕ್ಕಿಸಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ದೂರ ಎಸೆದೆ. ನೀರಿನ ಸೆಳೆತ ಸೀಸದ ಗುಂಡನ್ನೇ ಎತ್ತಿಕೊಂಡು ಹೋಗಿ ಕಂಬಕ್ಕೆ ಸುತ್ತಿಸಿತು. ದೊಡ್ಡ ಗುಂಡು ಹಾಕಿದೆ, ಅದೂ ಹೋಯಿತು. ಐದು ಸಲ ದಾರ ಹರಿಯಿತು. ಪಕ್ಕದಲ್ಲಿ ಕ್ಯೂಬಾದ ಒಬ್ಬ ಅಜ್ಜ ಬಕೆಟ್ ಮೇಲೆ ಕೂತಿದ್ದರು. ಗಾಳ ನೀರಿಗೇ ಬಿಟ್ಟಿರಲಿಲ್ಲ, ಸುಮ್ನೆ ಕಾಫಿ ಕುಡಿಯುತ್ತಿದ್ದರು. ನನ್ನ ಕಡೆ ನೋಡಿ ಬೆರಳಿನಿಂದ ನೀರು ತೋರಿಸಿ, ಅಂಗೈ ಕೆಳಗೆ ಮಾಡಿ 'ತಡಿ' ಅಂದ ಹಾಗೆ ಆಡಿಸಿದರು.

ಆಗ ತಲೆಗೆ ಹೋಯಿತು. ಇದು ನಮ್ಮ ಅಳಿವೆಯದೇ ಲೆಕ್ಕ, ಅಲ್ವಾ? ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಫ್ಲೋರಿಡಾ ಬೇ ಎಂಬ ಕೊಲ್ಲಿ. ಉಬ್ಬರ ಇಳಿತದ ನೀರೆಲ್ಲ ಈ ಕಂಬಗಳ ಸಂದಿಯಲ್ಲೇ ನುಗ್ಗಬೇಕು. ಭರದಲ್ಲಿ ಓಡುವಾಗ ಗುಂಡು ನಿಲ್ಲುವುದಿಲ್ಲ. ಪೂರಾ ನಿಂತಾಗ ಮೀನು ಕಚ್ಚುವುದಿಲ್ಲ. ನಿಲ್ಲುವ ಮುಂಚೆ, ಮತ್ತೆ ತಿರುಗಿದ ಮೇಲೆ, ಅಷ್ಟೇ ಹೊತ್ತು ನಮ್ಮದು. ಈಗ ನಾನು ಮನೆ ಬಿಡುವ ಗಂಟೆಯನ್ನೇ ಉಬ್ಬರದ ಪಟ್ಟಿ ನೋಡಿ ಇಡುತ್ತೇನೆ. ಊರಲ್ಲಿ ಅಪ್ಪ ಪಟ್ಟಿಯಿಲ್ಲದೆ ಚಂದ್ರನನ್ನು ನೋಡಿ ಹೇಳುತ್ತಿದ್ದರು.

ಎರಡನೇ ತಪ್ಪು, ದೂರ ಎಸೆದದ್ದು. ಮ್ಯಾಂಗ್ರೋವ್ ಸ್ನ್ಯಾಪರ್, ಅಂದರೆ ನಮ್ಮ ಕೆಂಬೇರಿ ಮೀನಿನ ಹತ್ತಿರದ ನೆಂಟ, ಕಂಬದ ನೆರಳಲ್ಲೇ ಇರುತ್ತದೆ. ಅಜ್ಜ ಗಾಳವನ್ನು ಎಸೆಯಲೇ ಇಲ್ಲ, ಕಾಲಬುಡದಲ್ಲಿ ನೇರ ಇಳಿಬಿಟ್ಟರು. ತೆಳು ದಾರ, ಸಣ್ಣ ಕೊಕ್ಕೆ, ಚಿಕ್ಕ ಗುಂಡು. ನಾನೂ ಹಾಗೇ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಏಳು ಬಂದವು. 10 ಇಂಚಿಗೆ ಕಡಿಮೆ ಇದ್ದ ಮೂರನ್ನು ಕಾಯಿದೆ ಪ್ರಕಾರ ಬಿಟ್ಟೆ. ದಿನಕ್ಕೆ ಒಬ್ಬರಿಗೆ ಐದು, ಹಾಗಾಗಿ ಇನ್ನೊಂದಕ್ಕೆ ಆಸೆಪಟ್ಟು ಮತ್ತೆ ಇಳಿಬಿಟ್ಟೆ.

ಮೀನು ಕಚ್ಚಿತು, ಅರ್ಧ ಎಳೆದೆ. ಆಮೇಲೆ ಬಂಡೆಗೆ ಕಟ್ಟಿದ ಹಾಗೆ ನಿಂತಿತು. ನಿಧಾನಕ್ಕೆ ಕಂಬದ ಅಡಿಗೆ ಎಳೆದುಕೊಂಡು ಹೋಗಿ ಟಪ್ ಅಂತ ಹರಿಯಿತು. ಅಜ್ಜ ಹೊಟ್ಟೆ ಹಿಡಿದು ನಕ್ಕರು. "ಗುವಾಸಾ!" ಅಂದರು. ನನ್ನ ಮೀನನ್ನು ನುಂಗಿದ್ದು ಗುವಾಸಾ, ಅಂದರೆ ಗೋಲಿಯಾತ್ ಗ್ರೂಪರ್, ಮುನ್ನೂರು ಕಿಲೋ ದಾಟಿ ಬೆಳೆಯುವ ಮೀನು. 1990ರಲ್ಲಿ ಹಿಡಿಯುವುದನ್ನು ನಿಷೇಧಿಸಿದ ಮೇಲೆ ಮತ್ತೆ ಹೆಚ್ಚಾಗಿ, ಸೇತುವೆ ಬುಡದಲ್ಲಿ ಬಾಯಿ ತೆರೆದು ಕಾಯುತ್ತಿರುತ್ತದೆ. ಅಜ್ಜ ತಮ್ಮ ಡಬ್ಬಿಯಿಂದ ಒಂದು ಕೊಕ್ಕೆ, ಒಂದು ಗುಂಡು ತೆಗೆದು ನನ್ನ ಕೈಗಿಟ್ಟು, ಮುಂದಿನ ಕಂಬ ತೋರಿಸಿದರು.