ನಿಂತ ಮೋಟಾರನ್ನು ಬೆಚ್ಚಗಿಟ್ಟ ಕಥೆ

ನವಿ ಮುಂಬೈ ಹತ್ತಿರದ ಕೈಗಾರಿಕಾ ಪ್ರದೇಶ ತಳೋಜಾ ಎಂಐಡಿಸಿಯಲ್ಲಿ ಮಳೆ ಹಿಡಿಯಿತೆಂದರೆ ಮೊದಲು ಕೈ ಕೊಡೋದು ಸ್ಟ್ಯಾಂಡ್‌ಬೈ ಪಂಪಿನ, ಅಂದರೆ ಬೇಕಾದಾಗ ಮಾತ್ರ ಓಡುವ ಪಂಪಿನ, ಮೋಟಾರು. ನಮ್ಮದು 60 ಎಚ್‌ಪಿ, ಐಪಿ55 (ಧೂಳು, ನೀರಿನ ಸಿಡಿತ ತಡೆಯುವ ಕವಚದ ದರ್ಜೆ). ಆದರೂ ಡ್ರೇನ್ ಪ್ಲಗ್ ಬಿಚ್ಚಿದರೆ ತುಕ್ಕು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ವೈಂಡಿಂಗಿನ ಇನ್ಸುಲೇಶನ್ ಅಳೆಯುವ ಮೆಗ್ಗರ್ ಅರ್ಧ ಮೆಗಾಓಮ್ ಕೂಡ ತೋರಿಸುತ್ತಿರಲಿಲ್ಲ.

ಪ್ಲಾಂಟಿನವರು ತಾಡಪತ್ರಿ ಹೊದಿಸಿದರು. ಒಳಗೆ ಇನ್ನೂ ಜಾಸ್ತಿ ಬೆವರಿತು. ಪಕ್ಕದಲ್ಲಿ 200 ವ್ಯಾಟ್ ಬಲ್ಬ್ ಇಟ್ಟರು. ನೆಲ ತೊಳೆಯುವಾಗ ನೀರು ಸಿಡಿದು ಅದು ಒಡೆಯಿತು. ದಿನಾ 15 ನಿಮಿಷ ಓಡಿಸಿ ಅಂದರು. ಅದಂತೂ ಎಲ್ಲಕ್ಕಿಂತ ಕೆಟ್ಟದ್ದು. ಬಿಸಿಯಾದ ಮೋಟಾರ್ ತಣಿಯುವಾಗ ಒದ್ದೆ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತೆ, ಅಲ್ವಾ? ಮಳೆಗಾಲ ಬಂದರೆ ರಿವೈಂಡಿಂಗ್ (ಸುಟ್ಟ ತಂತಿ ಸುರುಳಿ ತೆಗೆದು ಹೊಸದು ಸುತ್ತಿಸೋದು), ಪ್ರತಿ ಸಲ ಸುಮಾರು 35 ಸಾವಿರ.

ನಿಂತಾಗಲೂ ಬೆಚ್ಚಗಿರಲಿ ಅಂತ ವೈಂಡಿಂಗಿಗೇ ಕಡಿಮೆ ವೋಲ್ಟೇಜ್ ಕೊಡೋಣ ಅಂದೆ. 'ನಿಂತ ಮೋಟಾರ್ ಸುಟ್ಟುಹೋಗುತ್ತೆ' ಅಂದರು ಸಾಹೇಬರು. ರಿವೈಂಡಿಂಗ್ ಮಾಡುವ ವಿಜಯಪುರದ ಗೆಳೆಯನೂ ನಂಬಲಿಲ್ಲ.

ವೋಲ್ಟೇಜ್ ಇಳಿಸಲು 1 ಕೆವಿಎ ಟ್ರಾನ್ಸ್‌ಫಾರ್ಮರ್, ಸಣ್ಣ ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟ್ ಕೊಟ್ಟಾಗ ಎಳೆಯುವ ಸ್ವಿಚ್), ಟೈಮರ್, ಎಲ್ಲ ಸೇರಿ 10 ಸಾವಿರದ ಆಸುಪಾಸು. ತಲೆನೋವು ಇದ್ದದ್ದು ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ; ಅದು ಮೂರು ವೈಂಡಿಂಗನ್ನು ಮೊದಲು ಸ್ಟಾರ್, ಆಮೇಲೆ ಡೆಲ್ಟಾ ಜೋಡಣೆಯಲ್ಲಿ ಓಡಿಸುತ್ತೆ. ಮೋಟಾರ್ ನಿಂತಾಗ ವೈಂಡಿಂಗಿನ ಆರೂ ತುದಿ ಬಿಡಿಬಿಡಿಯಾಗಿರುತ್ತವೆ, ಯು1-ವಿ1 ಟರ್ಮಿನಲ್‌ಗಳಿಗೆ (ಎರಡು ವೈಂಡಿಂಗಿನ ಮೊದಲ ತುದಿಗಳು) ಕೊಟ್ಟರೆ ಸರ್ಕ್ಯೂಟೇ ಇಲ್ಲ. ಹೀಟಿಂಗ್ ವೇಳೆ ಸ್ಟಾರ್ಟರಿನಲ್ಲಿ ಇನ್ನೊಂದು ಕಡೆಯ ಮೂರು ತುದಿ ಸೇರಿಸುವ ಸ್ಟಾರ್ ಕಾಂಟ್ಯಾಕ್ಟರ್ ಒಂದನ್ನೇ ಎಳೆಸಿದೆ. ಆಗ ಎರಡು ವೈಂಡಿಂಗ್ ಸಿರೀಸಲ್ಲಿ ಬರುತ್ತವೆ. 24 ವೋಲ್ಟಿಗೆ ಬಾಡಿ ಸುಮ್ನೆ ಉಗುರುಬೆಚ್ಚಗೂ ಆಗಲಿಲ್ಲ. 48ಕ್ಕೆ ಹೋದೆ, 15 ಆಂಪಿಯರ್ ಹತ್ತಿರ ಎಳೆಯಿತು. ಬಾಡಿ ಹೊರಗಿನ ಗಾಳಿಗಿಂತ 7-8 ಡಿಗ್ರಿ ಜಾಸ್ತಿ ನಿಂತಿತು. ಅಷ್ಟೇ ಬೇಕಾಗಿದ್ದು.

ಹೀಟಿಂಗ್ ಕಾಂಟ್ಯಾಕ್ಟರಿಗೆ ಮೇನ್ ಕಾಂಟ್ಯಾಕ್ಟರಿನ ಜೊತೆ ಇಂಟರ್‌ಲಾಕ್ (ಎರಡೂ ಒಟ್ಟಿಗೆ ಎಳೆಯದ ಹಾಗೆ ತಡೆ) ವೈರಿಂಗಿನಲ್ಲಷ್ಟೇ ಅಲ್ಲ, ಮೆಕ್ಯಾನಿಕಲ್ ಕೂಡ ಇರಲೇಬೇಕು. 415 ವೋಲ್ಟ್ ಹಿಂದಕ್ಕೆ ಬಂದರೆ ಟ್ರಾನ್ಸ್‌ಫಾರ್ಮರ್ ಹೊಗೆ. ಮೋಟಾರ್ ನಿಂತ ಎಷ್ಟು ಹೊತ್ತಿಗೆ ಹೀಟಿಂಗ್ ಶುರುವಾಗುತ್ತೆ, ಆ ಟೈಮರ್ ಸೆಟ್ಟಿಂಗ್ ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ 5 ಎಚ್‌ಪಿ ಮೋಟಾರಿಗೆ ಹಳೇ ಬ್ಯಾಟರಿ ಚಾರ್ಜರಿನಿಂದ ಡಿಸಿ ಕೊಟ್ಟು ನೋಡಿದೆ. ಸ್ಟೇಟರ್ (ವೈಂಡಿಂಗ್ ಇರುವ ನಿಂತ ಭಾಗ) ಬಿಸಿಯಾಯಿತು, ರೋಟರ್ (ತಿರುಗುವ ಭಾಗ) ತಣ್ಣಗೇ. ಎಸಿಯಲ್ಲಿ ರೋಟರೂ ಬೆಚ್ಚಗಾಗುತ್ತೆ, ಬೇರಿಂಗಿಗೆ ಅದು ಒಳ್ಳೇದು. ಡಿಸಿ ಬಿಟ್ಟೆ.

ಸೆಪ್ಟೆಂಬರ್ ಕೊನೆಗೆ ಮೆಗ್ಗರ್ 200 ಮೆಗಾಓಮ್ ಮೇಲೆ ತೋರಿಸಿತು. ಡ್ರೇನ್ ಪ್ಲಗ್ ಬಿಚ್ಚಿದರೆ ಹನಿ ನೀರಿಲ್ಲ. ಸಾಹೇಬರೇ ಬ್ಲೋವರ್ ಮೋಟಾರಿಗೂ ಹಾಕಿ ಅಂದರು. ಗೆಳೆಯ ಈಗ ತನ್ನ ಗಿರಾಕಿಗಳಿಗೆ ಇದನ್ನೇ ಹೇಳುತ್ತಾನೆ.

ಟರ್ಮಿನಲ್ ಬಾಕ್ಸ್ ಮೇಲೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ 'ಮೋಟಾರ್ ನಿಂತಿದ್ದರೂ ಕರೆಂಟ್ ಇದೆ' ಅಂತ ಬರೆಸಿದ್ದೇನೆ. ನಮ್ಮಲ್ಲಿ ಕಲಬುರಗಿ ಕಡೆಯ ಹುಡುಗರು ಜಾಸ್ತಿ. ಐಸೋಲೇಟರ್ (ರಿಪೇರಿಗೆ ಮುಂಚೆ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿದರೆ ಹೀಟಿಂಗ್ ಸಪ್ಲೈ ಕೂಡ ಹೋಗುವ ಹಾಗೆ ಅದರ ಜೊತೆಗೇ ತೆರೆಯುವ ಆಕ್ಸಿಲರಿ ಕಾಂಟ್ಯಾಕ್ಟ್ ಹಾಕಿಕೊಳ್ಳಿ.