ಮೊದಲು ವೋಲ್ಟೇಜ್ ಸಮ ಮಾಡಿ, ಆಮೇಲೆ ಕಿವಿಗೆ ಬಿಡಿ

ಎರಡು ಡ್ಯಾಕ್‌ಗಳಲ್ಲಿ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಾಯಿಸುವ ಸಾಧನ) ಯಾವುದು ಚೆನ್ನಾಗಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ಒಂದೇ: ವಾಲ್ಯೂಮ್ ಸಮ ಮಾಡಿಕೊಂಡು ಕೇಳಿದಿರಾ? ಒಂಚೂರು ಜಾಸ್ತಿ ಇರುವುದು ಕಿವಿಗೆ ಜೋರು ಅನ್ನಿಸುವುದಿಲ್ಲ, ಚೆಂದ ಅನ್ನಿಸುತ್ತದೆ. ಬಾಸ್ ತುಂಬಿಕೊಂಡ ಹಾಗೆ, ಹಾಡುವವರು ಹತ್ತಿರ ಬಂದ ಹಾಗೆ. ಅರ್ಧ ಡೆಸಿಬೆಲ್ ವ್ಯತ್ಯಾಸ ಇದ್ದರೂ ಸಾಕು.

ಹಾಗಾಗಿ ನಾನು 100 ಹರ್ಟ್ಜ್‌ನ ಒಂದೇ ಸ್ವರ ಹಾಕಿ, ಆಂಪ್ಲಿಫೈಯರ್‌ನಲ್ಲಿ ಸ್ಪೀಕರ್ ವೈರ್ ಸಿಕ್ಕಿಸುವ ಕಡೆ ಮಲ್ಟಿಮೀಟರ್ ಹಿಡಿಯುತ್ತೇನೆ. ಎರಡು ಪ್ರೋಬ್‌ಗಳು ಒಂದಕ್ಕೊಂದು ತಾಗಬಾರದು, ಶಾರ್ಟ್ ಆದರೆ ಆಂಪ್ಲಿಫೈಯರ್ರೇ ಹೋಗಬಹುದು. ಒಂದು ಡ್ಯಾಕ್‌ನಲ್ಲಿ 2 ವೋಲ್ಟ್ ಬಂದರೆ ಇನ್ನೊಂದರಲ್ಲಿ 1.98ರಿಂದ 2.02ರ ಒಳಗೆ ಬರಬೇಕು. ಅಂದರೆ 0.1 ಡೆಸಿಬೆಲ್‌ಗಿಂತ ಕಮ್ಮಿ ವ್ಯತ್ಯಾಸ. ಆಮೇಲೆ ನನಗೆ ಕಾಣದ ಹಾಗೆ ಬೇರೆಯವರು ಬದಲಾಯಿಸುತ್ತಾರೆ, ಯಾವುದು ಅಂತ ನಾನು ಹೇಳಬೇಕು. ಬರೀ ಊಹೆಯಿಂದ 16 ಸಲಕ್ಕೆ 12 ಅಥವಾ ಹೆಚ್ಚು ಸಲ ಸರಿ ಹೇಳುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಮ್ಮಿ.

ತಾವೇ ಸೇರಿಸುವ ಗದ್ದಲ, ವಿರೂಪ ಎರಡೂ ಸಂಗೀತಕ್ಕಿಂತ 100 ಡೆಸಿಬೆಲ್ ಕೆಳಗಿರುವ ಡ್ಯಾಕ್‌ಗಳನ್ನು ಹೀಗೆ ಕೇಳಿದಾಗ ನನಗೆ ಗುರುತು ಹಿಡಿಯಲು ಆಗಲೇ ಇಲ್ಲ. ಅಲ್ಲಿಗೆ ಆ ಚರ್ಚೆ ನನ್ನ ಮಟ್ಟಿಗೆ ಮುಗಿಯಿತು.

ಸ್ಪೀಕರ್ ಮತ್ತು ಕೋಣೆಯ ಕಥೆ ಬೇರೆ. ಬಾಸ್ ಗಿಟಾರ್ ಕೆಳಗಿನ ಎಫ್ ಸ್ವರಕ್ಕೆ ಇಳಿದಾಗೆಲ್ಲ ನನ್ನ ಕೋಣೆ ಗುಂಯ್ ಅನ್ನುತ್ತಿತ್ತು, ಅಕ್ಕಪಕ್ಕದ ಸ್ವರಗಳಿಗೆ ಅಷ್ಟಿಲ್ಲ. ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಮೈಕ್ ಇಟ್ಟು 20ರಿಂದ 20,000 ಹರ್ಟ್ಜ್‌ವರೆಗೆ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಜಾರುತ್ತ ಏರುವ ಸ್ವರ) ಓಡಿಸಿದೆ. ಅಳತೆಯ ಗ್ರಾಫ್‌ನಲ್ಲಿ 43 ಹರ್ಟ್ಜ್ ಹತ್ತಿರ ದೊಡ್ಡ ಉಬ್ಬು. ಆ ಎಫ್ ಇರುವುದೂ 43.65ರಲ್ಲಿ! ಲೆಕ್ಕವೂ ಕೂಡಿ ಬಂತು: ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಕೋಣೆಯ ಉದ್ದ 4 ಮೀಟರ್. ಎದುರುಬದುರು ಗೋಡೆಗಳ ನಡುವೆ ಶಬ್ದ ಹೋಗಿಬಂದು ಗುಂಯ್ ಅನ್ನುವ ಅತಿ ಕೆಳಗಿನ ಸ್ವರ ಬೇಕಾದರೆ 343ನ್ನು ಉದ್ದದ ಎರಡರಷ್ಟರಿಂದ, ಅಂದರೆ 8ರಿಂದ ಭಾಗಿಸಬೇಕು: ಸುಮಾರು 43. ಕಿವಿ ಹೇಳಿದ್ದನ್ನೇ ಮೈಕ್ ಹೇಳಿತು, ಅಲ್ವಾ? ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಸ್ಪೀಕರ್ ಕಾಣದ ಹಾಗೆ ಕೇಳಿಸಿ ಪರೀಕ್ಷಿಸಿದಾಗಲೂ, ಅಳತೆಯಲ್ಲಿ ಏರಿಳಿತ ಕಮ್ಮಿ ಇರುವ ಸ್ಪೀಕರ್‌ಗಳೇ ಜನರಿಗೆ ಹೆಚ್ಚು ಹಿಡಿಸಿದ್ದವು.

ಕುರ್ಚಿಯನ್ನು ಹಿಂದಿನ ಗೋಡೆಯಿಂದ ಮುಂದಕ್ಕೆ ಎಳೆದಂತೆಲ್ಲ ಉಬ್ಬು ಇಳಿಯಿತು. ಸರಿಯಾಗಿ ಕೋಣೆಯ ನಡುವೆ ಕೂತರೆ ಆ ಸ್ವರವೇ ಮಾಯ. ಎರಡರ ಮಧ್ಯೆ ಒಂದು ಜಾಗ ಹುಡುಕಿ, ಉಳಿದ ಉಬ್ಬನ್ನು ಈಕ್ವಲೈಜರ್‌ನಲ್ಲಿ (ಬೇಕಾದ ಸ್ವರಗಳನ್ನಷ್ಟೇ ಏರಿಸುವ, ಇಳಿಸುವ ಸಾಧನ) ತಗ್ಗಿಸಿದೆ. ತಗ್ಗುಗಳನ್ನು ಮಾತ್ರ ತುಂಬಲು ಹೋಗಲಿಲ್ಲ. ಗೋಡೆಗೆ ಬಡಿದು ವಾಪಸ್ ಬಂದ ಶಬ್ದ ಅಲ್ಲಿ ಮೂಲ ಶಬ್ದವನ್ನೇ ಅಳಿಸುತ್ತಿರುತ್ತದೆ. ಎಷ್ಟು ಏರಿಸಿದರೂ ಎರಡೂ ಒಟ್ಟಿಗೇ ಏರುತ್ತವೆ, ಸುಮ್ನೆ ಆಂಪ್ಲಿಫೈಯರ್‌ಗೆ ಭಾರ.