ಗಣ್ಯರ ಹೆಸರು ಕೊನೆಯ ಪ್ಯಾರಾಕ್ಕೆ

ನಾನು ವಾರ್ತಾ ಇಲಾಖೆ ಸೇರಿದ 1980ರ ದಶಕದ ಕೊನೆಯಲ್ಲಿ, ನಾನು ಕಂಡ ಜಿಲ್ಲಾ ಕಚೇರಿಗಳಲ್ಲಿ ಹೆಣ್ಣುಮಕ್ಕಳು ಟೈಪಿಂಗ್ ಮಾಡುತ್ತಿದ್ದರು. ವಾರ್ತಾಧಿಕಾರಿ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ನನಗೆ ಮೊದಮೊದಲು ಸಿಕ್ಕಿದ್ದೆಲ್ಲ ಮಹಿಳಾ ದಿನಾಚರಣೆ, ಶಿಶು ಪ್ರದರ್ಶನ. ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಗೂ ಕಳಿಸಿ ಎಂದು ಹಟ ಹಿಡಿದೆ. ಯಾವ ಊರಿನ ಬೋರ್‌ವೆಲ್ ಬತ್ತಿದೆ, ಯಾವ ಯೋಜನೆಯ ಹಣ ಖರ್ಚಾಗದೆ ಉಳಿದಿದೆ ಎಂಬುದೆಲ್ಲ ಗೊತ್ತಾಗುವುದು ಅಲ್ಲೇ. ಆ ಸಭೆಯಲ್ಲಿ ಕೂರದವರು ವಾರ್ತಾಧಿಕಾರಿಯಾಗಿ ಬರೆಯುವುದಾದರೂ ಏನನ್ನು?

ಆಗೆಲ್ಲ ಪತ್ರಿಕಾ ಪ್ರಕಟಣೆಗೆ ಸ್ಟೆನ್ಸಿಲ್ ಕಟ್ ಮಾಡಿ, ಸೈಕ್ಲೋಸ್ಟೈಲ್ ಪ್ರತಿ ತೆಗೆದು, ಫೋಟೊ ಕವರನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಬಸ್ ತಪ್ಪಿದರೆ ಸುದ್ದಿ ಹಳಸಿತು. ಆಮೇಲೆ ಫ್ಯಾಕ್ಸ್, ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ, ವಾಟ್ಸ್‌ಆ್ಯಪ್ ಎಲ್ಲ ಬಂದವು. ಆದರೂ ಇಲಾಖೆಗಳಿಂದ ಬರುವ ಕರಡಿನ ಮೊದಲ ಪ್ಯಾರಾದಲ್ಲಿ ಗಣ್ಯರ ಹೆಸರೇ ತುಂಬಿರುತ್ತಿತ್ತು. ನಾನದನ್ನು ಕೊನೆಗೆ ತಳ್ಳುತ್ತಿದ್ದೆ. ಮುನಿಸಿಕೊಂಡವರು ಉಂಟು. ಆದರೂ ಬಿಡಲಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಳು. ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರು ಒಂದು ಹಂತದಲ್ಲಿ 6 ಲಕ್ಷ ಕ್ಯೂಸೆಕ್ ದಾಟಿತು. ಅದಕ್ಕೂ ಮೊದಲೇ ನನ್ನ ಮೇಜಿಗೆ ಬಂದ ಕರಡು ಹೀಗಿತ್ತು: ‘ಒಳಹರಿವು ಹೆಚ್ಚಿರುವ ಹಿನ್ನೆಲೆಯಲ್ಲಿ ನದಿಪಾತ್ರದ ಸಾರ್ವಜನಿಕರು ಅಗತ್ಯ ಮುನ್ನೆಚ್ಚರಿಕೆ ವಹಿಸತಕ್ಕದ್ದು.’ ನಡುಗಡ್ಡೆಯಲ್ಲಿ ಎಮ್ಮೆ ಕಟ್ಟಿಕೊಂಡು ಕೂತಾಕೆ ಇದನ್ನು ಓದಿ ಏನು ಮಾಡಬೇಕು? ಲಿಂಗಸುಗೂರು ತಹಶೀಲ್ದಾರ್ ಕಚೇರಿಗೆ ಫೋನ್ ಹಚ್ಚಿದೆ. ಮೊದಲು ಮುಳುಗುವ ಸೇತುವೆ ಯಾವುದು, ಎಷ್ಟು ಹೊತ್ತಿಗೆ, ಗಂಜಿ ಕೇಂದ್ರ ಯಾವ ಶಾಲೆಯಲ್ಲಿ, ದನಗಳಿಗೆ ಮೇವು ಇದೆಯೇ ಎಂದು ಕೇಳಿ, ಹೊಸದಾಗಿ ಬರೆದೆ: ‘ಇವತ್ತು ಸಂಜೆಯೊಳಗೆ ಶೀಲಹಳ್ಳಿ ಸೇತುವೆ ಮೇಲೆ ನೀರು ಬರುತ್ತದೆ. ಆಮೇಲೆ ಯಾರೂ ದಾಟಬೇಡಿ. ಯರಗೋಡಿ, ಕಡದರಗಡ್ಡಿ ಜನ ದನಕರು ಹೊಡೆದುಕೊಂಡು ಈಗಲೇ ಹೊರಡಿ.’

ಕಳಿಸುವ ಮುನ್ನ ಆ ಭಾಗದ ಗ್ರಾಮ ಲೆಕ್ಕಿಗರಿಗೆ ಫೋನಿನಲ್ಲಿ ಓದಿ ಹೇಳಿದೆ. ಇದು ನನ್ನ ಹಳೆಯ ರೂಢಿ. ಊರು ಬಲ್ಲವರ ಕಿವಿಗೆ ಬೀಳದ ಪ್ರಕಟಣೆ ನನಗೆ ಅರ್ಧ ಕೆಲಸ. ಅವರು ಪೂರ್ತಿ ಕೇಳಿಸಿಕೊಂಡು, “ಸುತ್ತಿನ ದಾರಿ ಯಾವುದಂತಾನೂ ಬರೀರಿ ಮೇಡಂ, ಬಸುರಿ ಹೆಣ್ಮಕ್ಕಳು ದವಾಖಾನಿಗೆ ಹೋಗಬೇಕಲ್ರೀ” ಎಂದರು. ಅದನ್ನು ಎರಡನೇ ಸಾಲಿಗೇ ಸೇರಿಸಿದೆ. ಆಕಾಶವಾಣಿಗೆ, ಪತ್ರಕರ್ತರ ಗ್ರೂಪಿಗೆ, ಊರಲ್ಲಿ ಡಂಗುರ ಸಾರಲು ಪಂಚಾಯಿತಿಗೆ ಹೋದದ್ದು ಅದೇ ಪ್ರಕಟಣೆ. ಸಚಿವರ ಪ್ರವಾಸದ ವಿವರವನ್ನು ಆಮೇಲೆ ಬೇರೆಯಾಗಿ ಕಳಿಸಿದೆ.